ನಿತ್ಯದ ವೈದ್ಯಕೀಯ ಸೇವೆಯಲ್ಲಿ ಸ್ತನ ಕ್ಯಾನ್ಸರ್ ಚಿಕಿತ್ಸೆಯ ಗುಣಮಟ್ಟ

ಸ್ತನ ಕ್ಯಾನ್ಸರ್ ಚಿಕಿತ್ಸೆಯ ಗುಣಮಟ್ಟ ಎಂಬುದು, ಸಂಶೋಧನೆಯಿಂದ ಪ್ರಯೋಜನಕಾರಿ ಎಂದು ಸಾಬೀತಾದ ಚಿಕಿತ್ಸೆಯು ಸಾಮಾನ್ಯ ಆಸ್ಪತ್ರೆಗಳಿಗೆ ಬರುವ ಪ್ರತಿಯೊಬ್ಬ ರೋಗಿಗೂ ಸರಿಯಾದ ಕ್ರಮದಲ್ಲಿ, ಸಕಾಲದಲ್ಲಿ ಮತ್ತು ಪೂರ್ಣವಾಗಿ ದೊರೆಯುತ್ತಿದೆಯೇ ಎಂಬುದರ ಅಳತೆಯಾಗಿದೆ. ಸ್ತನ ಕ್ಯಾನ್ಸರಿನ ಚಿಕಿತ್ಸೆಯು ಒಂದೇ ಕ್ರಿಯೆಯಲ್ಲ. ಬಯಾಪ್ಸಿ, ಗ್ರಾಹಕ ಪರೀಕ್ಷೆ, ಶಸ್ತ್ರಚಿಕಿತ್ಸೆ, ಕಿಮೊಥೆರಪಿ, ವಿಕಿರಣ ಚಿಕಿತ್ಸೆ ಮತ್ತು ಹಲವು ವರ್ಷಗಳ ಹಾರ್ಮೋನ್ ಚಿಕಿತ್ಸೆ ಸೇರಿದ ದೀರ್ಘ ಸರಣಿಯದು. ಈ ಸರಣಿಯ ಯಾವುದೇ ಕೊಂಡಿ ಕಳಚಿದರೂ ಉಳಿದ ಚಿಕಿತ್ಸೆಯ ಫಲ ಕಡಿಮೆಯಾಗುತ್ತದೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯಂತಹ ಪ್ರದೇಶದಲ್ಲಿ, ಅಂದರೆ ಸುಸಜ್ಜಿತ ಕ್ಯಾನ್ಸರ್ ಆಸ್ಪತ್ರೆಗಳು ಹತ್ತಿರದಲ್ಲಿದ್ದೂ ಜಿಲ್ಲೆಯ ಹೊರಗಿರುವಲ್ಲಿ, ಗುಣಮಟ್ಟವು ಆಸ್ಪತ್ರೆಯ ಒಳಗಿನ ಕೌಶಲ್ಯವನ್ನಷ್ಟೇ ಅಲ್ಲದೆ ಒಂದು ಹಂತದಿಂದ ಮುಂದಿನ ಹಂತಕ್ಕೆ ರೋಗಿಯನ್ನು ತಲುಪಿಸುವ ವ್ಯವಸ್ಥೆಯನ್ನೂ ಅವಲಂಬಿಸಿದೆ.

## ಪರಿಕಲ್ಪನೆ

ಹೊಸ ಔಷಧ ಅಥವಾ ವಿಧಾನವೊಂದರ ಪರಿಣಾಮವನ್ನು ಮೊದಲು ಯಾದೃಚ್ಛಿಕ ಪ್ರಯೋಗಗಳಲ್ಲಿ ಪರೀಕ್ಷಿಸಲಾಗುತ್ತದೆ. ಅಂತಹ ಪ್ರಯೋಗಗಳಿಗೆ ಸಾಮಾನ್ಯವಾಗಿ ಇತರ ಗಂಭೀರ ಕಾಯಿಲೆಗಳಿಲ್ಲದ, ನಿಗದಿತ ದಿನಗಳಂದು ಆಸ್ಪತ್ರೆಗೆ ಬರಬಲ್ಲ ರೋಗಿಗಳನ್ನು ಆರಿಸಲಾಗುತ್ತದೆ. ಅವರ ಮೇಲ್ವಿಚಾರಣೆಗೆ ಪ್ರತ್ಯೇಕ ಸಿಬ್ಬಂದಿ ಇರುತ್ತಾರೆ. ನಿತ್ಯದ ವೈದ್ಯಕೀಯ ಸೇವೆಯಲ್ಲಿ ಪರಿಸ್ಥಿತಿ ಬೇರೆ. ಮಧುಮೇಹ, ರಕ್ತದೊತ್ತಡ, ರಕ್ತಹೀನತೆ ಇರುವವರು, ವಯಸ್ಸಾದವರು, ದಿನಗೂಲಿ ಬಿಟ್ಟು ಬರಬೇಕಾದವರು, ಜೊತೆಗೆ ಬರಲು ಯಾರೂ ಇಲ್ಲದವರು ಇಲ್ಲಿ ಬರುತ್ತಾರೆ. ಆದ್ದರಿಂದ ಪ್ರಯೋಗದಲ್ಲಿ ಕಂಡ ಫಲಿತಾಂಶ ಮತ್ತು ಸಮುದಾಯದಲ್ಲಿ ಕಾಣುವ ಫಲಿತಾಂಶಗಳ ನಡುವೆ ಅಂತರ ಉಂಟಾಗುತ್ತದೆ. ಈ ಅಂತರವನ್ನು ಅಳೆದು ಕಡಿಮೆ ಮಾಡುವುದೇ ಗುಣಮಟ್ಟ ಪರಿಶೀಲನೆಯ ಉದ್ದೇಶ.

ಆರೋಗ್ಯ ಸೇವೆಯ ಗುಣಮಟ್ಟವನ್ನು ರಚನೆ, ಪ್ರಕ್ರಿಯೆ ಮತ್ತು ಫಲಿತಾಂಶ ಎಂಬ ಮೂರು ನೆಲೆಗಳಲ್ಲಿ ನೋಡುವ ಕ್ರಮವನ್ನು ಅವೆಡಿಸ್ ಡೊನಬೇಡಿಯನ್ 1966ರಲ್ಲಿ ನಿರೂಪಿಸಿದರು. ಸ್ತನ ಕ್ಯಾನ್ಸರಿಗೆ ಅನ್ವಯಿಸಿದಾಗ ರಚನೆ ಎಂದರೆ ರೋಗಶಾಸ್ತ್ರ ಪ್ರಯೋಗಾಲಯ, ವಿಕಿರಣ ಯಂತ್ರ, ತರಬೇತಿ ಪಡೆದ ಸಿಬ್ಬಂದಿ ಇತ್ಯಾದಿ. ಪ್ರಕ್ರಿಯೆ ಎಂದರೆ ಶಸ್ತ್ರಚಿಕಿತ್ಸೆಗೆ ಮುನ್ನ ಬಯಾಪ್ಸಿ ಆಯಿತೇ, ಅಗತ್ಯವಿದ್ದವರಿಗೆ ವಿಕಿರಣ ಚಿಕಿತ್ಸೆ ದೊರೆಯಿತೇ ಎಂಬಂತಹ ಕ್ರಮಗಳು. ಫಲಿತಾಂಶ ಎಂದರೆ ರೋಗ ಮರುಕಳಿಸದೆ ಬದುಕಿದ ಅವಧಿ, ಐದು ವರ್ಷಗಳ ಬದುಕುಳಿಯುವಿಕೆ ಮತ್ತು ಜೀವನದ ಗುಣಮಟ್ಟ. ಫಲಿತಾಂಶ ತಿಳಿಯಲು ವರ್ಷಗಳು ಬೇಕಾಗುವುದರಿಂದ ಆಸ್ಪತ್ರೆಗಳು ಹೆಚ್ಚಾಗಿ ಪ್ರಕ್ರಿಯೆಯ ಸೂಚಕಗಳನ್ನು ಬಳಸುತ್ತವೆ.

## ರೋಗದ ಪ್ರಮಾಣ

2022ರ ಗ್ಲೋಬೊಕ್ಯಾನ್ ಅಂದಾಜಿನಂತೆ ಪ್ರಪಂಚದಲ್ಲಿ ಆ ವರ್ಷ ಸುಮಾರು 23 ಲಕ್ಷ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾಯಿತು ಮತ್ತು ಸುಮಾರು 6.7 ಲಕ್ಷ ಮಂದಿ ಅದರಿಂದ ಮರಣ ಹೊಂದಿದರು. ಭಾರತದಲ್ಲಿ ಅದೇ ವರ್ಷ ಸುಮಾರು 1.92 ಲಕ್ಷ ಹೊಸ ಪ್ರಕರಣಗಳು ಮತ್ತು ಸುಮಾರು 98 ಸಾವಿರ ಸಾವುಗಳು ಸಂಭವಿಸಿದವೆಂದು ಅಂದಾಜಿಸಲಾಗಿದೆ. ಸಾವುಗಳನ್ನು ಹೊಸ ಪ್ರಕರಣಗಳಿಗೆ ಹೋಲಿಸಿದರೆ ಪ್ರಪಂಚದ ಸರಾಸರಿಯಲ್ಲಿ ಅನುಪಾತ ಮೂರಕ್ಕೆ ಒಂದಕ್ಕಿಂತ ಕಡಿಮೆ. ಭಾರತದಲ್ಲಿ ಅದು ಎರಡಕ್ಕೆ ಒಂದರಷ್ಟಿದೆ. ರೋಗವು ತಡವಾಗಿ ಪತ್ತೆಯಾಗುವುದು ಮತ್ತು ಚಿಕಿತ್ಸೆ ಅಪೂರ್ಣವಾಗುವುದು ಈ ವ್ಯತ್ಯಾಸದ ಮುಖ್ಯ ಕಾರಣಗಳು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವು ಬೆಂಗಳೂರು, ಚೆನ್ನೈ ಮತ್ತು ಮುಂಬಯಿಯ ಜನಸಂಖ್ಯಾ ಆಧಾರಿತ ನೋಂದಣಿಗಳೊಂದಿಗೆ 1982ರಿಂದ ಮಾಹಿತಿ ಸಂಗ್ರಹಿಸುತ್ತಿದೆ. ಬೆಂಗಳೂರಿನ ನೋಂದಣಿಯನ್ನು ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ನಡೆಸುತ್ತದೆ. ಆರಂಭದ ವರ್ಷಗಳಲ್ಲಿ ಬೆಂಗಳೂರಿನ ಮಹಿಳೆಯರಲ್ಲಿ ಗರ್ಭಕಂಠದ ಕ್ಯಾನ್ಸರ್ ಮೊದಲ ಸ್ಥಾನದಲ್ಲಿತ್ತು. ಕಾಲಕ್ರಮೇಣ ಆ ಸ್ಥಾನಕ್ಕೆ ಸ್ತನ ಕ್ಯಾನ್ಸರ್ ಬಂದಿತು. 2020ರಲ್ಲಿ ಪ್ರಕಟವಾದ ನೋಂದಣಿ ವರದಿಯಲ್ಲಿ ಬೆಂಗಳೂರಿನ ವಯೋಹೊಂದಾಣಿಕೆಯ ದರವು ಒಂದು ಲಕ್ಷ ಮಹಿಳೆಯರಿಗೆ ಸುಮಾರು 40ರಷ್ಟಿದ್ದು, ದೇಶದ ಹೆಚ್ಚಿನ ದರಗಳಲ್ಲಿ ಒಂದಾಗಿದೆ. ಈ ಅಂಕಿಯು ಬೆಂಗಳೂರು ನಗರ ಪ್ರದೇಶಕ್ಕೆ ಸಂಬಂಧಿಸಿದ್ದು, ಸುತ್ತಲಿನ ಗ್ರಾಮೀಣ ತಾಲ್ಲೂಕುಗಳಿಗೆ ನೇರವಾಗಿ ಅನ್ವಯಿಸುವುದಿಲ್ಲ. ಗ್ರಾಮೀಣ ಭಾರತದಲ್ಲಿ ಸ್ತನ ಕ್ಯಾನ್ಸರಿನ ದರವು ನಗರಗಳಿಗಿಂತ ಕಡಿಮೆಯಿರುತ್ತದೆ.

2012ರಿಂದ 2015ರವರೆಗೆ ರೋಗ ಪತ್ತೆಯಾದ ಮಹಿಳೆಯರ ಬಗ್ಗೆ ಭಾರತದ 11 ನೋಂದಣಿಗಳ ಮಾಹಿತಿಯನ್ನು ವಿಶ್ಲೇಷಿಸಿದ ಅಧ್ಯಯನದಲ್ಲಿ ಐದು ವರ್ಷಗಳ ಬದುಕುಳಿಯುವಿಕೆ ಶೇ. 66.4ರಷ್ಟು ಕಂಡುಬಂದಿತು. ರೋಗವು ಸ್ತನಕ್ಕೆ ಸೀಮಿತವಾಗಿದ್ದವರಲ್ಲಿ ಇದು ಶೇ. 81, ಸಮೀಪದ ಭಾಗಗಳಿಗೆ ಹರಡಿದ್ದವರಲ್ಲಿ ಶೇ. 65.5 ಮತ್ತು ದೂರದ ಅಂಗಗಳಿಗೆ ಹರಡಿದ್ದವರಲ್ಲಿ ಶೇ. 18.3ರಷ್ಟಿತ್ತು. ನೋಂದಣಿಯಿಂದ ನೋಂದಣಿಗೂ ದೊಡ್ಡ ವ್ಯತ್ಯಾಸವಿತ್ತು: ಮಿಜೋರಾಂನಲ್ಲಿ ಶೇ. 74.9, ಅರುಣಾಚಲ ಪ್ರದೇಶದ ಪಾಸಿಘಾಟ್‌ನಲ್ಲಿ ಶೇ. 41.9. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಐದು ವರ್ಷಗಳ ಬದುಕುಳಿಯುವಿಕೆ ಶೇ. 90ರಷ್ಟಿದೆ.

## ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ

ಹಿಂದಿನ ಬೆಂಗಳೂರು ಜಿಲ್ಲೆಯನ್ನು 1986ರಲ್ಲಿ ವಿಭಜಿಸಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು ರಚಿಸಲಾಯಿತು. 2007ರಲ್ಲಿ ರಾಮನಗರ ಜಿಲ್ಲೆ ಪ್ರತ್ಯೇಕವಾದ ಬಳಿಕ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳು ಉಳಿದವು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 9,90,923. ಕೃಷಿ, ಹೈನುಗಾರಿಕೆ ಮತ್ತು ರೇಷ್ಮೆಯ ಜೊತೆಗೆ ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳು ಮತ್ತು ಸಿದ್ಧ ಉಡುಪು ಕಾರ್ಖಾನೆಗಳು ಸಾವಿರಾರು ಮಹಿಳೆಯರಿಗೆ ಉದ್ಯೋಗ ನೀಡಿವೆ.

ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು, ತಾಲ್ಲೂಕು ಮಟ್ಟದ ಸಾರ್ವಜನಿಕ ಆಸ್ಪತ್ರೆಗಳು, ಖಾಸಗಿ ನರ್ಸಿಂಗ್ ಹೋಂಗಳು ಹಾಗೂ ಹೊಸಕೋಟೆಯ ಎಂ.ವಿ.ಜೆ. ವೈದ್ಯಕೀಯ ಕಾಲೇಜು, ದೇವನಹಳ್ಳಿಯ ಆಕಾಶ್ ವೈದ್ಯಕೀಯ ವಿಜ್ಞಾನ ಸಂಸ್ಥೆಗಳಂತಹ ಬೋಧನಾ ಆಸ್ಪತ್ರೆಗಳಿವೆ. ಆದರೆ ಕ್ಯಾನ್ಸರಿನ ಸಮಗ್ರ ಚಿಕಿತ್ಸೆಗೆ ಜಿಲ್ಲೆಯ ಜನರು ಮುಖ್ಯವಾಗಿ ಬೆಂಗಳೂರು ನಗರವನ್ನೇ ಅವಲಂಬಿಸಿದ್ದಾರೆ. ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆ ಸರ್ಕಾರಿ ಕ್ಷೇತ್ರದಲ್ಲಿ ರಾಜ್ಯದ ಪ್ರಮುಖ ಕ್ಯಾನ್ಸರ್ ಕೇಂದ್ರವಾಗಿದ್ದು, 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆ, ಬಸವನಗುಡಿಯ ಶ್ರೀ ಶಂಕರ ಕ್ಯಾನ್ಸರ್ ಆಸ್ಪತ್ರೆ ಮತ್ತು ಹಲವು ಖಾಸಗಿ ಕ್ಯಾನ್ಸರ್ ಆಸ್ಪತ್ರೆಗಳು ನಗರದಲ್ಲಿವೆ.

ನಕ್ಷೆಯಲ್ಲಿ ಈ ದೂರ ಹೆಚ್ಚಲ್ಲ. ಹೊಸಕೋಟೆ ಮತ್ತು ನೆಲಮಂಗಲಗಳು ಬೆಂಗಳೂರಿನಿಂದ ಸುಮಾರು 25ರಿಂದ 30 ಕಿ.ಮೀ., ದೇವನಹಳ್ಳಿ ಮತ್ತು ದೊಡ್ಡಬಳ್ಳಾಪುರಗಳು ಸುಮಾರು 40 ಕಿ.ಮೀ. ದೂರದಲ್ಲಿವೆ. ಆದರೆ ಕಿದ್ವಾಯಿ ಸಂಸ್ಥೆಯು ಹೊಸೂರು ರಸ್ತೆಯ ಬದಿಯಲ್ಲಿ, ನಿಮ್ಹಾನ್ಸ್ ಸಮೀಪದಲ್ಲಿರುವುದರಿಂದ, ಉತ್ತರ ಮತ್ತು ಪಶ್ಚಿಮದ ತಾಲ್ಲೂಕುಗಳಿಂದ ಬರುವವರು ನಗರವನ್ನು ದಾಟಿ ಹೋಗಬೇಕು. ಒಂದು ಭೇಟಿಗೆ ಒಂದಿಡೀ ದಿನ ಬೇಕಾಗುತ್ತದೆ. ರೋಗಿ ಮತ್ತು ಜೊತೆಗಾರರಿಬ್ಬರ ಆ ದಿನದ ಕೂಲಿಯೂ ಹೋಗುತ್ತದೆ. ಬಯಾಪ್ಸಿ, ವರದಿ, ಸ್ಕ್ಯಾನ್, ಹೃದಯ ಪರೀಕ್ಷೆ, ಕಿಮೊಥೆರಪಿಯ ಸುತ್ತುಗಳು ಮತ್ತು ವಿಕಿರಣ ಚಿಕಿತ್ಸೆಯ ದಿನಗಳನ್ನು ಕೂಡಿಸಿದರೆ ಒಬ್ಬ ರೋಗಿ ಒಂದು ವರ್ಷದಲ್ಲಿ ಹತ್ತಾರು ಬಾರಿ ಪ್ರಯಾಣ ಮಾಡಬೇಕಾಗುತ್ತದೆ.

## ಚಿಕಿತ್ಸೆಯ ಹಂತಗಳು

### ಪತ್ತೆ

ಭಾರತದಲ್ಲಿ ಬಹುತೇಕ ಸ್ತನ ಕ್ಯಾನ್ಸರ್‌ಗಳು ಮಹಿಳೆಯೇ ಗಮನಿಸಿದ ಗಂಟಿನಿಂದ ಪತ್ತೆಯಾಗುತ್ತವೆ. ಆರಂಭದಲ್ಲಿ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ. ನೋವಿಲ್ಲದ್ದರಿಂದಲೇ ಅದನ್ನು ನಿರ್ಲಕ್ಷಿಸಲಾಗುತ್ತದೆ. ಸಂಕೋಚ, ಪುರುಷ ವೈದ್ಯರ ಬಳಿ ಹೋಗಲು ಹಿಂಜರಿಕೆ, ಮನೆಯ ಕೆಲಸ, ಹಣದ ಚಿಂತೆ ಮತ್ತು ಸ್ತನವನ್ನು ಕಳೆದುಕೊಳ್ಳುವ ಭಯಗಳೂ ವಿಳಂಬಕ್ಕೆ ಕಾರಣಗಳು. ಗಂಟು, ಚರ್ಮದ ಕುಳಿ ಅಥವಾ ದಪ್ಪವಾಗುವಿಕೆ, ಮೊಲೆತೊಟ್ಟು ಒಳಸರಿಯುವುದು, ರಕ್ತಮಿಶ್ರಿತ ಸ್ರಾವ, ಕಂಕುಳಿನ ಗಂಟು ಇವು ಪರೀಕ್ಷಿಸಬೇಕಾದ ಲಕ್ಷಣಗಳು.

2016ರ ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಗಳಿಗೊಮ್ಮೆ ತರಬೇತಿ ಪಡೆದ ಆರೋಗ್ಯ ಸಿಬ್ಬಂದಿಯಿಂದ ಸ್ತನ ಪರೀಕ್ಷೆ ನಡೆಯಬೇಕು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಅಪಾಯದ ಅಂಶಗಳ ಪಟ್ಟಿಯನ್ನು ತುಂಬುತ್ತಾರೆ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಭಾರತದ 30–49 ವರ್ಷದ ಮಹಿಳೆಯರ ಪೈಕಿ ಎಂದಾದರೂ ಸ್ತನ ಪರೀಕ್ಷೆ ಮಾಡಿಸಿಕೊಂಡವರು ಶೇ. 0.9 ಮಾತ್ರ.

ಕೈಯಿಂದ ಮಾಡುವ ಈ ಪರೀಕ್ಷೆಯ ಉಪಯೋಗವನ್ನು ಮುಂಬಯಿಯಲ್ಲಿ 35–64 ವರ್ಷದ 1.5 ಲಕ್ಷಕ್ಕೂ ಹೆಚ್ಚು ಮಹಿಳೆಯರಲ್ಲಿ 20 ವರ್ಷಗಳ ಕಾಲ ಅಧ್ಯಯನ ಮಾಡಲಾಯಿತು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಎರಡು ವರ್ಷಗಳಿಗೊಮ್ಮೆ ಪರೀಕ್ಷೆ ನಡೆದ ಗುಂಪಿನಲ್ಲಿ ರೋಗವು ಇನ್ನೂ ಆರಂಭದ ಹಂತದಲ್ಲಿರುವಾಗ ಪತ್ತೆಯಾಯಿತು. 50 ವರ್ಷ ಮೇಲ್ಪಟ್ಟವರಲ್ಲಿ ಸ್ತನ ಕ್ಯಾನ್ಸರಿನ ಸಾವುಗಳು ಸುಮಾರು ಶೇ. 30ರಷ್ಟು ಕಡಿಮೆಯಾದವು, ಅದಕ್ಕಿಂತ ಕಿರಿಯರಲ್ಲಿ ಗಮನಾರ್ಹ ಇಳಿಕೆ ಕಾಣಲಿಲ್ಲ.

### ರೋಗನಿರ್ಣಯ

ಸ್ತನದ ಗಂಟಿಗೆ ಮೂರು ಪರೀಕ್ಷೆಗಳು ಒಟ್ಟಾಗಿ ಆಗಬೇಕು: ವೈದ್ಯರ ದೈಹಿಕ ಪರೀಕ್ಷೆ, ಮ್ಯಾಮೊಗ್ರಫಿ ಅಥವಾ ಅಲ್ಟ್ರಾಸೌಂಡ್ ಚಿತ್ರಣ, ಮತ್ತು ದಪ್ಪ ಸೂಜಿಯಿಂದ ಅಂಗಾಂಶದ ತುಣುಕು ತೆಗೆಯುವ ಬಯಾಪ್ಸಿ. ಸಾಮಾನ್ಯ ಗಂಟೆಂದು ಭಾವಿಸಿ, ಬಯಾಪ್ಸಿ ಇಲ್ಲದೆ ಸಣ್ಣ ಆಸ್ಪತ್ರೆಯಲ್ಲಿ ಗಂಟನ್ನು ತೆಗೆದುಹಾಕುವುದು ನಿತ್ಯದ ಸೇವೆಯಲ್ಲಿ ಕಾಣುವ ಒಂದು ಪ್ರಮುಖ ದೋಷ. ಹೀಗಾದಾಗ ಗಡ್ಡೆಯ ಮೂಲ ಗಾತ್ರ ತಿಳಿಯುವುದಿಲ್ಲ, ಅಂಚುಗಳಲ್ಲಿ ಕ್ಯಾನ್ಸರ್ ಕೋಶಗಳು ಉಳಿಯಬಹುದು, ತೆಗೆದ ಅಂಗಾಂಶವು ಪ್ರಯೋಗಾಲಯಕ್ಕೆ ತಲುಪದೆಯೂ ಹೋಗಬಹುದು. ರೋಗಿಗೆ ಎರಡನೆಯ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಸೂಜಿ ಬಯಾಪ್ಸಿಯಿಂದ ಕ್ಯಾನ್ಸರ್ ಹರಡುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದ್ದರೂ ಅದಕ್ಕೆ ಆಧಾರವಿಲ್ಲ.

### ಗ್ರಾಹಕ ಪರೀಕ್ಷೆ

ಈಸ್ಟ್ರೋಜನ್ ಗ್ರಾಹಕ, ಪ್ರೊಜೆಸ್ಟೆರಾನ್ ಗ್ರಾಹಕ ಮತ್ತು ಹರ್-2 ಎಂಬ ಪ್ರೋಟೀನುಗಳ ಪರೀಕ್ಷೆಯ ಮೇಲೆ ಮುಂದಿನ ಚಿಕಿತ್ಸೆಯೆಲ್ಲ ನಿರ್ಧಾರವಾಗುತ್ತದೆ. ಹಾರ್ಮೋನ್ ಗ್ರಾಹಕಗಳಿದ್ದರೆ ಹಾರ್ಮೋನ್ ತಡೆಯುವ ಮಾತ್ರೆ, ಹರ್-2 ಅಧಿಕವಿದ್ದರೆ ಟ್ರಾಸ್ಟುಜುಮ್ಯಾಬ್, ಮೂರೂ ಇಲ್ಲದಿದ್ದರೆ ಮುಖ್ಯವಾಗಿ ಕಿಮೊಥೆರಪಿ ನೀಡಲಾಗುತ್ತದೆ. ಮೂರೂ ಇಲ್ಲದ ಬಗೆಯು ಭಾರತದಲ್ಲಿ ಸುಮಾರು ಶೇ. 30ರಷ್ಟಿದ್ದು, ಪಾಶ್ಚಾತ್ಯ ದೇಶಗಳ ಶೇ. 10–15ಕ್ಕಿಂತ ಹೆಚ್ಚು.

ಈ ಪರೀಕ್ಷೆಯ ನಿಖರತೆ ಅಂಗಾಂಶವನ್ನು ಕಾಪಾಡಿದ ಬಗೆಯನ್ನು ಅವಲಂಬಿಸಿದೆ. ತೆಗೆದ ಅಂಗಾಂಶವನ್ನು ಒಂದು ಗಂಟೆಯೊಳಗೆ ತಟಸ್ಥ ಫಾರ್ಮಲಿನ್ ದ್ರಾವಣದಲ್ಲಿ ಹಾಕಬೇಕು. ಅದರಲ್ಲಿ 6ರಿಂದ 72 ಗಂಟೆಗಳ ಕಾಲ ಇರಿಸಬೇಕು. ತಡವಾದರೆ ಅಥವಾ ದ್ರಾವಣ ಸರಿಯಿಲ್ಲದಿದ್ದರೆ ಇರುವ ಗ್ರಾಹಕವೂ ಇಲ್ಲವೆಂದು ವರದಿಯಾಗಬಹುದು. ಆಗ ಐದು ವರ್ಷಗಳ ಪರಿಣಾಮಕಾರಿ ಚಿಕಿತ್ಸೆಯೊಂದು ಆ ಮಹಿಳೆಗೆ ಕೈತಪ್ಪುತ್ತದೆ. ಶೇ. 1ರಷ್ಟು ಕೋಶಗಳಲ್ಲಿ ಈಸ್ಟ್ರೋಜನ್ ಗ್ರಾಹಕ ಕಂಡರೂ ಅದನ್ನು ಇದೆಯೆಂದು ಪರಿಗಣಿಸುವುದು ಅಂತಾರಾಷ್ಟ್ರೀಯ ಕ್ರಮ. ತಾಲ್ಲೂಕಿನಲ್ಲಿ ತೆಗೆದ ಅಂಗಾಂಶವನ್ನು ನಗರದ ಪ್ರಯೋಗಾಲಯಕ್ಕೆ ಕಳುಹಿಸುವಾಗ ಫಾರ್ಮಲಿನ್ ತುಂಬಿದ ಡಬ್ಬಿ, ಅದರ ಮೇಲಿನ ಹೆಸರು ಮತ್ತು ಸಮಯಗಳಂತಹ ಸಣ್ಣ ಸಂಗತಿಗಳೇ ಗುಣಮಟ್ಟವನ್ನು ನಿರ್ಧರಿಸುತ್ತವೆ.

### ಶಸ್ತ್ರಚಿಕಿತ್ಸೆ

ಆರಂಭಿಕ ಹಂತದಲ್ಲಿ ಗಡ್ಡೆಯನ್ನು ಮಾತ್ರ ತೆಗೆದು ಸ್ತನವನ್ನು ಉಳಿಸಿ ವಿಕಿರಣ ನೀಡಿದವರಲ್ಲಿಯೂ, ಪೂರ್ಣ ಸ್ತನವನ್ನು ತೆಗೆದವರಲ್ಲಿಯೂ ಬದುಕುಳಿಯುವಿಕೆ ಸಮಾನವಾಗಿರುತ್ತದೆ. ಅಮೆರಿಕದಲ್ಲಿ ಬರ್ನಾರ್ಡ್ ಫಿಷರ್ ಮತ್ತು ಇಟಲಿಯಲ್ಲಿ ಉಂಬರ್ಟೊ ವೆರೊನೇಸಿ ಅವರು ನಡೆಸಿದ ಪ್ರಯೋಗಗಳ 20 ವರ್ಷಗಳ ಫಲಿತಾಂಶ 2002ರಲ್ಲಿ ಪ್ರಕಟವಾಗಿ ಇದನ್ನು ದೃಢಪಡಿಸಿತು. ಆದರೂ ಭಾರತದ ಸಾಮಾನ್ಯ ಆಸ್ಪತ್ರೆಗಳಲ್ಲಿ ಪೂರ್ಣ ಸ್ತನ ತೆಗೆಯುವುದೇ ಹೆಚ್ಚು. ಗಡ್ಡೆ ದೊಡ್ಡದಾಗಿರುವುದು ಒಂದು ಕಾರಣವಾದರೆ, ವಿಕಿರಣ ಚಿಕಿತ್ಸೆಗೆ ಪ್ರತಿದಿನ ಹೋಗಿಬರಲಾಗದು ಎಂಬುದು ಇನ್ನೊಂದು.

ಕಂಕುಳಿನ ದುಗ್ಧಗ್ರಂಥಿಗಳ ಶಸ್ತ್ರಚಿಕಿತ್ಸೆ ಪೂರ್ಣವಾಗಿ ಆಗಬೇಕಾದಲ್ಲಿ ಕನಿಷ್ಠ 10 ಗ್ರಂಥಿಗಳು ವರದಿಯಲ್ಲಿರಬೇಕೆಂಬುದು ಸಾಮಾನ್ಯ ಅಳತೆ. ಗ್ರಂಥಿಗಳಿಗೆ ರೋಗ ಹರಡಿಲ್ಲವೆಂದು ಕಂಡುಬಂದಾಗ ಕಾವಲು ಗ್ರಂಥಿಯ ಬಯಾಪ್ಸಿ ಮಾಡಿದರೆ ತೋಳಿನ ಬಾವಿನ ತೊಂದರೆ ಕಡಿಮೆಯಾಗುತ್ತದೆ. ಶಸ್ತ್ರಚಿಕಿತ್ಸೆಗೆ ಮುನ್ನ ಗಡ್ಡೆಯ ಸುತ್ತ ಸ್ಥಳೀಯ ಅರಿವಳಿಕೆಯ ಚುಚ್ಚುಮದ್ದು ನೀಡುವ ಅಗ್ಗದ ವಿಧಾನವನ್ನು ಭಾರತದ 1,600 ಮಹಿಳೆಯರಲ್ಲಿ ಪರೀಕ್ಷಿಸಲಾಯಿತು. 2023ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಐದು ವರ್ಷಗಳ ಬದುಕುಳಿಯುವಿಕೆಯು ಶೇ. 86.4ರಿಂದ ಶೇ. 90.1ಕ್ಕೆ ಏರಿತ್ತು.

### ಕಿಮೊಥೆರಪಿ ಮತ್ತು ಗುರಿನಿರ್ದೇಶಿತ ಚಿಕಿತ್ಸೆ

ಸ್ಥಳೀಯವಾಗಿ ಮುಂದುವರಿದ ರೋಗದಲ್ಲಿ ಶಸ್ತ್ರಚಿಕಿತ್ಸೆಗೆ ಮುನ್ನವೇ ಕಿಮೊಥೆರಪಿ ನೀಡಲಾಗುತ್ತದೆ. ಶಸ್ತ್ರಚಿಕಿತ್ಸೆಯ ನಂತರ ನೀಡುವುದಾದರೆ ಅದು 90 ದಿನಗಳಿಗಿಂತ ತಡವಾದಾಗ ಫಲಿತಾಂಶ ಕುಂದುತ್ತದೆ. ಔಷಧದ ಪ್ರಮಾಣ ಮತ್ತು ಸುತ್ತುಗಳ ನಡುವಿನ ಅಂತರವನ್ನು ಕಾಯ್ದುಕೊಳ್ಳುವುದು ಗುಣಮಟ್ಟದ ಭಾಗ. ಬಿಳಿ ರಕ್ತಕಣಗಳು ಕುಸಿದಾಗ ಬರುವ ಜ್ವರ ತುರ್ತು ಸ್ಥಿತಿಯಾಗಿದ್ದು, ನಗರದಿಂದ ದೂರವಿರುವ ರೋಗಿಯು ಮೊದಲು ತಾಲ್ಲೂಕು ಆಸ್ಪತ್ರೆಗೇ ಹೋಗುತ್ತಾಳೆ. ಆಕೆ ಕಿಮೊಥೆರಪಿ ಪಡೆಯುತ್ತಿರುವುದನ್ನು ಅಲ್ಲಿನ ವೈದ್ಯರು ತಕ್ಷಣ ತಿಳಿಯುವಂತೆ ಚಿಕಿತ್ಸಾ ಪುಸ್ತಕ ಜೊತೆಯಲ್ಲಿರಬೇಕು.

ಹರ್-2 ಅಧಿಕವಿರುವ ರೋಗದಲ್ಲಿ ಕಿಮೊಥೆರಪಿಯೊಂದಿಗೆ ಟ್ರಾಸ್ಟುಜುಮ್ಯಾಬ್ ನೀಡಿದರೆ ಮರುಕಳಿಕೆ ಮತ್ತು ಸಾವು ಸುಮಾರು ಮೂರನೆಯ ಒಂದು ಭಾಗ ಕಡಿಮೆಯಾಗುತ್ತದೆ. ಈ ಔಷಧದ ಬೆಲೆಯೇ ಬಹುಕಾಲ ಮುಖ್ಯ ಅಡ್ಡಿಯಾಗಿತ್ತು. ಬೆಂಗಳೂರಿನ ಬಯೊಕಾನ್ ಕಂಪನಿಯು ಮೈಲಾನ್ ಜೊತೆಗೂಡಿ ಅಭಿವೃದ್ಧಿಪಡಿಸಿದ ಟ್ರಾಸ್ಟುಜುಮ್ಯಾಬ್‌ನ ಜೈವಿಕ ಸಮಾನ ಔಷಧವು 2014ರಲ್ಲಿ ಭಾರತದ ಮಾರುಕಟ್ಟೆಗೆ ಬಂದಿತು. 2017ರ ಡಿಸೆಂಬರ್‌ನಲ್ಲಿ ಅದಕ್ಕೆ ಅಮೆರಿಕದ ಅನುಮೋದನೆಯೂ ದೊರೆಯಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಗೂ ಭಾರತದ ರಾಷ್ಟ್ರೀಯ ಪಟ್ಟಿಗೂ ಟ್ರಾಸ್ಟುಜುಮ್ಯಾಬ್ ಸೇರಿತು. ಈ ಔಷಧ ನೀಡುವ ಅವಧಿಯಲ್ಲಿ ಹೃದಯದ ಎಕೊ ಪರೀಕ್ಷೆ ನಿಯಮಿತವಾಗಿ ನಡೆಯಬೇಕು.

### ವಿಕಿರಣ ಚಿಕಿತ್ಸೆ

ಸ್ತನ ಉಳಿಸುವ ಶಸ್ತ್ರಚಿಕಿತ್ಸೆಯ ನಂತರ ವಿಕಿರಣ ನೀಡಿದರೆ ಹತ್ತು ವರ್ಷಗಳಲ್ಲಿ ರೋಗ ಮರುಕಳಿಸುವ ಪ್ರಮಾಣ ಶೇ. 35ರಿಂದ ಸುಮಾರು ಶೇ. 19ಕ್ಕೆ ಇಳಿಯುತ್ತದೆ. ಹಿಂದೆ ವಾರಕ್ಕೆ ಐದು ದಿನದಂತೆ ಐದು ವಾರಗಳ ಕಾಲ ನೀಡಲಾಗುತ್ತಿದ್ದ ಚಿಕಿತ್ಸೆಯನ್ನು ಬ್ರಿಟನ್ನಿನ ಪ್ರಯೋಗಗಳ ಬಳಿಕ ಮೂರು ವಾರಗಳ 15 ಸರದಿಗಳಿಗೆ ಇಳಿಸಲಾಯಿತು. 2020ರಲ್ಲಿ ಪ್ರಕಟವಾದ ಫಾಸ್ಟ್ ಫಾರ್ವರ್ಡ್ ಪ್ರಯೋಗವು ಒಂದೇ ವಾರದ 5 ಸರದಿಗಳೂ ಸಾಕಾಗುತ್ತವೆಂದು ತೋರಿಸಿತು. ದೊಡ್ಡಬಳ್ಳಾಪುರದಿಂದಲೋ ನೆಲಮಂಗಲದಿಂದಲೋ ಬರುವ ರೋಗಿಗೆ 25 ಪ್ರಯಾಣಗಳ ಬದಲು 15 ಅಥವಾ 5 ಪ್ರಯಾಣಗಳೆಂದರೆ ಚಿಕಿತ್ಸೆ ಪೂರ್ಣಗೊಳ್ಳುವ ಸಾಧ್ಯತೆಯೇ ಹೆಚ್ಚುತ್ತದೆ. ಆದ್ದರಿಂದ ಸೂಕ್ತ ರೋಗಿಗಳಿಗೆ ಕಿರು ಅವಧಿಯ ವಿಕಿರಣವನ್ನು ಬಳಸುವುದು ಗುಣಮಟ್ಟದ ಸೂಚಕವೂ ಹೌದು.

### ಹಾರ್ಮೋನ್ ಚಿಕಿತ್ಸೆ

ಹಾರ್ಮೋನ್ ಗ್ರಾಹಕಗಳಿರುವ ಮಹಿಳೆಯರು ಐದು ವರ್ಷಗಳ ಕಾಲ ಟ್ಯಾಮಾಕ್ಸಿಫೆನ್ ಸೇವಿಸಿದರೆ 15 ವರ್ಷಗಳ ಅವಧಿಯಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಮೂರನೆಯ ಒಂದು ಭಾಗ ಕಡಿಮೆಯಾಗುತ್ತದೆ. ಋತುಬಂಧದ ನಂತರದವರಿಗೆ ಲೆಟ್ರೊಜೋಲ್‌ನಂತಹ ಮಾತ್ರೆಗಳನ್ನು ನೀಡಲಾಗುತ್ತದೆ. ಇಡೀ ಸರಣಿಯಲ್ಲಿ ಅತ್ಯಂತ ಅಗ್ಗವೂ ಸರಳವೂ ಆದ ಚಿಕಿತ್ಸೆ ಇದೇ. ಆದರೆ ಹೆಚ್ಚು ಬಾರಿ ಮಧ್ಯದಲ್ಲಿ ನಿಂತುಹೋಗುವ ಚಿಕಿತ್ಸೆಗಳಲ್ಲಿ ಇದೂ ಒಂದು. ಗಾಯ ಮಾಯುತ್ತದೆ, ಕೂದಲು ಮತ್ತೆ ಬೆಳೆಯುತ್ತದೆ, ಕಾಯಿಲೆ ವಾಸಿಯಾಯಿತೆಂಬ ಭಾವನೆ ಬರುತ್ತದೆ. ಮೈ ಬಿಸಿಯೇರುವುದು, ಕೀಲುನೋವು ಮೊದಲಾದ ತೊಂದರೆಗಳೂ ಇರುತ್ತವೆ. ಮಾತ್ರೆ ಮುಗಿದಾಗ ಅದಕ್ಕಾಗಿಯೇ ನಗರಕ್ಕೆ ಹೋಗುವುದು ಕಷ್ಟವಾಗುತ್ತದೆ. ಸ್ಥಳೀಯ ಆರೋಗ್ಯ ಕೇಂದ್ರದಲ್ಲಿ ಮಾತ್ರೆ ದೊರೆಯುವಂತೆ ಮಾಡುವುದು ಮತ್ತು ಆಶಾ ಕಾರ್ಯಕರ್ತೆಯ ಭೇಟಿಯಲ್ಲಿ ಅದರ ಬಗ್ಗೆ ವಿಚಾರಿಸುವುದು ಈ ಕೊರತೆಗೆ ಸಾಧ್ಯವಿರುವ ಪರಿಹಾರಗಳು.

### ಉಪಶಾಮಕ ಆರೈಕೆ

ರೋಗವು ದೂರದ ಅಂಗಗಳಿಗೆ ಹರಡಿದಾಗಲೂ ನೋವು ನಿವಾರಣೆ, ಗಾಯದ ಆರೈಕೆ ಮತ್ತು ಕುಟುಂಬಕ್ಕೆ ಬೆಂಬಲ ಗುಣಮಟ್ಟದ ಚಿಕಿತ್ಸೆಯ ಅಂಗಗಳು. ಬಾಯಿಯ ಮೂಲಕ ನೀಡುವ ಮಾರ್ಫಿನ್ ತೀವ್ರ ಕ್ಯಾನ್ಸರ್ ನೋವಿಗೆ ಮೂಲ ಔಷಧ; 2014ರ ಮಾದಕ ದ್ರವ್ಯ ಕಾನೂನಿನ ತಿದ್ದುಪಡಿಯು ಆಸ್ಪತ್ರೆಗಳು ಅದನ್ನು ಪಡೆಯುವ ವಿಧಾನವನ್ನು ಸರಳಗೊಳಿಸಿತು. ಬೆಂಗಳೂರು ಹಾಸ್ಪೈಸ್ ಟ್ರಸ್ಟ್‌ನ ಕರುಣಾಶ್ರಯವು ಮುಂದುವರಿದ ಕ್ಯಾನ್ಸರ್ ಇರುವವರಿಗೆ ಉಚಿತ ಆರೈಕೆ ನೀಡುತ್ತದೆ.

## ಅಳತೆಯ ಸೂಚಕಗಳು

ಯುರೋಪಿನ ಸ್ತನ ಕ್ಯಾನ್ಸರ್ ತಜ್ಞರ ಸಂಘವಾದ ಯುಸೋಮಾ 2010ರಲ್ಲಿ ಗುಣಮಟ್ಟದ ಸೂಚಕಗಳನ್ನು ಪ್ರಕಟಿಸಿ 2017ರಲ್ಲಿ ಪರಿಷ್ಕರಿಸಿತು. ಅವುಗಳಲ್ಲಿ ಕೆಲವು ಹೀಗಿವೆ:

| ಸೂಚಕ | ಕನಿಷ್ಠ ಪ್ರಮಾಣ |
|---|---|
| ಶಸ್ತ್ರಚಿಕಿತ್ಸೆಗೆ ಮುನ್ನ ಖಚಿತ ರೋಗನಿರ್ಣಯ | ಶೇ. 85 |
| ಬಹುವಿಭಾಗದ ತಜ್ಞರ ಸಭೆಯಲ್ಲಿ ಚರ್ಚೆ | ಶೇ. 90 |
| ಸ್ತನ ಉಳಿಸಿದ ನಂತರ ವಿಕಿರಣ ಚಿಕಿತ್ಸೆ | ಶೇ. 90 |
| ಹಾರ್ಮೋನ್ ಗ್ರಾಹಕವಿರುವವರಿಗೆ ಹಾರ್ಮೋನ್ ಚಿಕಿತ್ಸೆ | ಶೇ. 85 |

ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಆರಂಭಿಸಿದ ಜಾಗತಿಕ ಸ್ತನ ಕ್ಯಾನ್ಸರ್ ಉಪಕ್ರಮಕ್ಕೆ ಮೂರು ಗುರಿಗಳಿವೆ: ಶೇ. 60ಕ್ಕಿಂತ ಹೆಚ್ಚು ಪ್ರಕರಣಗಳು ಒಂದನೆಯ ಅಥವಾ ಎರಡನೆಯ ಹಂತದಲ್ಲಿ ಪತ್ತೆಯಾಗಬೇಕು, ಮೊದಲ ಭೇಟಿಯಿಂದ 60 ದಿನಗಳೊಳಗೆ ರೋಗನಿರ್ಣಯ ಮುಗಿಯಬೇಕು, ಶೇ. 80ಕ್ಕಿಂತ ಹೆಚ್ಚು ರೋಗಿಗಳು ಶಿಫಾರಸು ಮಾಡಿದ ಚಿಕಿತ್ಸೆಯನ್ನು ಪೂರ್ಣಗೊಳಿಸಬೇಕು. ಈ ಮೂರನ್ನೂ ಸಾಧಿಸಿದರೆ 2040ರೊಳಗೆ ಪ್ರಪಂಚದಲ್ಲಿ 25 ಲಕ್ಷ ಸಾವುಗಳನ್ನು ತಪ್ಪಿಸಬಹುದೆಂದು ಸಂಸ್ಥೆ ಅಂದಾಜಿಸಿದೆ. ಭಾರತದ ಆಸ್ಪತ್ರೆ ಆಧಾರಿತ ನೋಂದಣಿಗಳ 2012–16ರ ಮಾಹಿತಿಯಲ್ಲಿ ಶೇ. 57ರಷ್ಟು ಸ್ತನ ಕ್ಯಾನ್ಸರ್‌ಗಳು ಪತ್ತೆಯಾಗುವಾಗಲೇ ಸಮೀಪದ ಭಾಗಗಳಿಗೆ ಹರಡಿದ್ದವು.

## ವಿಳಂಬ ಮತ್ತು ಅಪೂರ್ಣ ಚಿಕಿತ್ಸೆ

2020ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ವಿಶ್ಲೇಷಣೆಯೊಂದರಂತೆ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯು ನಾಲ್ಕು ವಾರ ತಡವಾದಾಗ ಸಾವಿನ ಅಪಾಯ ಸುಮಾರು ಶೇ. 8ರಷ್ಟು ಹೆಚ್ಚುತ್ತದೆ. ವಿಳಂಬವನ್ನು ಎರಡು ಭಾಗಗಳಾಗಿ ನೋಡಲಾಗುತ್ತದೆ. ಲಕ್ಷಣ ಕಂಡಂದಿನಿಂದ ಮೊದಲ ವೈದ್ಯರನ್ನು ಕಾಣುವವರೆಗಿನದು ರೋಗಿಯ ವಿಳಂಬ; ಅಲ್ಲಿಂದ ಚಿಕಿತ್ಸೆ ಆರಂಭವಾಗುವವರೆಗಿನದು ವ್ಯವಸ್ಥೆಯ ವಿಳಂಬ. ಮೊದಲನೆಯದಕ್ಕೆ ಅರಿವು ಮೂಡಿಸುವುದು ಪರಿಹಾರವಾದರೆ, ಎರಡನೆಯದನ್ನು ಅರಿವಿನಿಂದ ಸರಿಪಡಿಸಲಾಗದು. ಒಂದು ಪರೀಕ್ಷೆಗೆ ಒಂದು ದಿನ, ವರದಿಗೆ ಮತ್ತೊಂದು ದಿನ, ವಿಮೆಯ ಅನುಮತಿಗೆ ಇನ್ನೊಂದು ದಿನ ಬರಬೇಕಾದಾಗ ವಾರಗಳು ಕಳೆಯುತ್ತವೆ.

ಚಿಕಿತ್ಸೆಯನ್ನು ಮಧ್ಯದಲ್ಲಿ ಬಿಡುವವರನ್ನು ಬೇಜವಾಬ್ದಾರರೆಂದು ಭಾವಿಸುವುದು ಸಾಮಾನ್ಯ. ವಾಸ್ತವದಲ್ಲಿ ಹಣ ಮುಗಿಯುವುದು, ಜೊತೆಗಾರರಿಲ್ಲದಿರುವುದು, ಅಡ್ಡಪರಿಣಾಮಗಳ ಭಯ, ನಾಟಿ ಔಷಧದ ಕಡೆಗೆ ತಿರುಗುವುದು ಮತ್ತು ಮುಂದಿನ ಹಂತ ಯಾವುದೆಂದು ಯಾರೂ ಸ್ಪಷ್ಟವಾಗಿ ಹೇಳದಿರುವುದು ಇದಕ್ಕೆ ಕಾರಣಗಳಾಗಿರುತ್ತವೆ. ಗೈರುಹಾಜರಾದ ರೋಗಿಗೆ ದೂರವಾಣಿ ಕರೆ ಮಾಡುವುದು, ರೋಗಿ ಮಾರ್ಗದರ್ಶಕರನ್ನು ನೇಮಿಸುವುದು, ವಿಕಿರಣದ ಅವಧಿಯಲ್ಲಿ ಧರ್ಮಶಾಲೆಯ ವಸತಿ ಒದಗಿಸುವುದು ಚಿಕಿತ್ಸೆ ಪೂರ್ಣಗೊಳ್ಳಲು ನೆರವಾಗುತ್ತವೆ.

## ವೆಚ್ಚ ಮತ್ತು ಆರೋಗ್ಯ ವಿಮೆ

ಕರ್ನಾಟಕದಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಕ್ಯಾನ್ಸರ್ ಸೇರಿದಂತೆ ತೃತೀಯ ಹಂತದ ಚಿಕಿತ್ಸೆ ಒದಗಿಸುವ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಉತ್ತರ ಕರ್ನಾಟಕದಲ್ಲಿ ಆರಂಭವಾಗಿ ನಂತರ ರಾಜ್ಯದಾದ್ಯಂತ ವಿಸ್ತರಿಸಿತು. ಯೋಜನೆ ಜಾರಿಯಾಗಿದ್ದ 300 ಹಳ್ಳಿಗಳನ್ನು ಇನ್ನೂ ಜಾರಿಯಾಗದ ನೆರೆಯ 272 ಹಳ್ಳಿಗಳೊಂದಿಗೆ ಹೋಲಿಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಯೋಜನೆಯ ವ್ಯಾಪ್ತಿಗೆ ಬರುವ, ಮುಖ್ಯವಾಗಿ ಹೃದ್ರೋಗ ಮತ್ತು ಕ್ಯಾನ್ಸರ್ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಸಂಭವಿಸಿದ ಸಾವು ಶೇ. 0.90ರ ಬದಲು ಶೇ. 0.32ರಷ್ಟಿತ್ತು. ಚಿಕಿತ್ಸೆಯ ವೆಚ್ಚವನ್ನು ಸರ್ಕಾರ ಭರಿಸುವುದು ಸಾವುಗಳನ್ನು ಕಡಿಮೆ ಮಾಡಬಲ್ಲದೆಂಬುದಕ್ಕೆ ಇದು ರಾಜ್ಯದೊಳಗಿನದೇ ಪುರಾವೆ.

2018ರಲ್ಲಿ ಹಲವು ಯೋಜನೆಗಳನ್ನು ಒಂದುಗೂಡಿಸಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯನ್ನು ರೂಪಿಸಲಾಯಿತು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇದನ್ನು ನಿರ್ವಹಿಸುತ್ತದೆ. ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಉಚಿತ ಚಿಕಿತ್ಸೆ, ಇತರ ಕುಟುಂಬಗಳಿಗೆ ನಿಗದಿತ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷ ರೂಪಾಯಿಗಳವರೆಗೆ ನೆರವು ದೊರೆಯುತ್ತದೆ. ಖಾಸಗಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಚಿಕಿತ್ಸೆಯ ವೆಚ್ಚ ತಗ್ಗಿದರೂ ಪ್ರಯಾಣ, ಊಟ, ವಸತಿ ಮತ್ತು ಕಳೆದುಹೋದ ಕೂಲಿಗಳ ಹೊರೆ ಕುಟುಂಬದ ಮೇಲೆಯೇ ಉಳಿಯುತ್ತದೆ.

## ಸುಧಾರಣಾ ಕ್ರಮಗಳು

* ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್: ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದ ನೇತೃತ್ವದಲ್ಲಿ 2012ರಲ್ಲಿ ರೂಪುಗೊಂಡ ಈ ಜಾಲದಲ್ಲಿ 300ಕ್ಕೂ ಹೆಚ್ಚು ಸಂಸ್ಥೆಗಳಿವೆ. ಇದು ಏಕರೂಪದ ಚಿಕಿತ್ಸಾ ಮಾರ್ಗಸೂಚಿಗಳನ್ನು ಪ್ರಕಟಿಸುತ್ತದೆ, ಅಂತರ್ಜಾಲದ ಮೂಲಕ ತಜ್ಞರ ಸಭೆಗಳನ್ನು ನಡೆಸುತ್ತದೆ ಮತ್ತು ಔಷಧಗಳನ್ನು ಒಟ್ಟಾಗಿ ಖರೀದಿಸಿ ಬೆಲೆ ತಗ್ಗಿಸುತ್ತದೆ.
* ಸಂಪನ್ಮೂಲಕ್ಕೆ ತಕ್ಕ ಮಾರ್ಗಸೂಚಿ: 2002ರಲ್ಲಿ ಆರಂಭವಾದ ಜಾಗತಿಕ ಸ್ತನ ಆರೋಗ್ಯ ಉಪಕ್ರಮವು ಚಿಕಿತ್ಸೆಯನ್ನು ಮೂಲಭೂತ, ಸೀಮಿತ, ವರ್ಧಿತ ಮತ್ತು ಗರಿಷ್ಠ ಎಂಬ ನಾಲ್ಕು ಸ್ತರಗಳಲ್ಲಿ ವಿಂಗಡಿಸಿತು. ದುಬಾರಿ ಸೌಲಭ್ಯಗಳಿಗೆ ಮುನ್ನ ಮೂಲಭೂತ ಸೇವೆ ಎಲ್ಲರಿಗೂ ತಲುಪಬೇಕೆಂಬುದು ಇದರ ತತ್ತ್ವ.
* ಡೇ ಕೇರ್ ಕಿಮೊಥೆರಪಿ: 2025ರಲ್ಲಿ ಕರ್ನಾಟಕ ಸರ್ಕಾರವು ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಡೇ ಕೇರ್ ಕಿಮೊಥೆರಪಿ ಕೇಂದ್ರಗಳನ್ನು ಆರಂಭಿಸಿತು. ಅದೇ ವರ್ಷದ ಕೇಂದ್ರ ಬಜೆಟ್ ಮೂರು ವರ್ಷಗಳಲ್ಲಿ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲಿ ಇಂತಹ ಕೇಂದ್ರಗಳನ್ನು ಸ್ಥಾಪಿಸುವ ಗುರಿಯನ್ನು ಘೋಷಿಸಿತು.
* ನೋಂದಣಿ: ಬೆಂಗಳೂರಿನ ಜನಸಂಖ್ಯಾ ಆಧಾರಿತ ನೋಂದಣಿ ನಗರ ಪ್ರದೇಶಕ್ಕೆ ಸೀಮಿತವಾಗಿದೆ. ಗ್ರಾಮಾಂತರದ ರೋಗಿಯು ನಗರದ ಆಸ್ಪತ್ರೆಯ ನೋಂದಣಿಯಲ್ಲಿ ದಾಖಲಾಗುತ್ತಾಳೆ; ಆದರೆ ಆಸ್ಪತ್ರೆಗೆ ಬಾರದವರು ಅಲ್ಲಿ ದಾಖಲಾಗುವುದಿಲ್ಲ. ತಾಲ್ಲೂಕು ಮಟ್ಟದಲ್ಲಿ ಎಷ್ಟು ಮಂದಿಗೆ ರೋಗ ಪತ್ತೆಯಾಯಿತು, ಎಷ್ಟು ಮಂದಿ ಚಿಕಿತ್ಸೆ ಮುಗಿಸಿದರು ಎಂಬ ಲೆಕ್ಕವಿದ್ದಾಗಲೇ ಗುಣಮಟ್ಟವನ್ನು ಅಳೆಯಲು ಸಾಧ್ಯ.

## ರೋಗಿಯ ಬಳಿ ಇರಬೇಕಾದ ದಾಖಲೆಗಳು

ಚಿಕಿತ್ಸೆಯು ಒಂದಕ್ಕಿಂತ ಹೆಚ್ಚು ಆಸ್ಪತ್ರೆಗಳಲ್ಲಿ ನಡೆಯುವುದರಿಂದ ದಾಖಲೆಗಳು ರೋಗಿಯ ಜೊತೆಗೇ ಸಾಗಬೇಕು. ಮುಖ್ಯವಾದವು ಇವು: ಬಯಾಪ್ಸಿಯ ವರದಿ ಮತ್ತು ಸಾಧ್ಯವಿದ್ದರೆ ಅಂಗಾಂಶದ ಮೇಣದ ಅಚ್ಚು, ಮೂರು ಗ್ರಾಹಕಗಳ ಫಲಿತಾಂಶ, ರೋಗದ ಹಂತ, ಗಡ್ಡೆಯ ಗಾತ್ರ, ಅಂಚುಗಳ ಸ್ಥಿತಿ ಮತ್ತು ಪರೀಕ್ಷಿಸಿದ ದುಗ್ಧಗ್ರಂಥಿಗಳ ಸಂಖ್ಯೆಯಿರುವ ಶಸ್ತ್ರಚಿಕಿತ್ಸೆಯ ವರದಿ, ಕಿಮೊಥೆರಪಿಯ ಔಷಧ, ಪ್ರಮಾಣ ಮತ್ತು ದಿನಾಂಕಗಳು, ವಿಕಿರಣದ ಸಾರಾಂಶ, ಹಾರ್ಮೋನ್ ಮಾತ್ರೆ ಆರಂಭಿಸಿದ ಮತ್ತು ನಿಲ್ಲಿಸಬೇಕಾದ ದಿನಾಂಕಗಳು. ಇವುಗಳಲ್ಲಿ ಯಾವುದಾದರೂ ಇಲ್ಲದಿದ್ದರೆ ಅದನ್ನು ಕೇಳಿ ಪಡೆಯುವ ಹಕ್ಕು ರೋಗಿಗಿದೆ. ಸರಣಿಯಲ್ಲಿ ಯಾವ ಹಂತ ಬಾಕಿಯಿದೆ ಎಂಬುದು ತಾಲ್ಲೂಕಿನ ವೈದ್ಯರಿಗೂ ರೋಗಿಯ ಕುಟುಂಬಕ್ಕೂ ಈ ದಾಖಲೆಗಳಿಂದ ತಿಳಿಯುತ್ತದೆ.

## ಇವನ್ನೂ ನೋಡಿ

* ಸ್ತನ ಕ್ಯಾನ್ಸರ್
* ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ
* ಬೆಂಗಳೂರು ಗ್ರಾಮಾಂತರ ಜಿಲ್ಲೆ
* ಆಯುಷ್ಮಾನ್ ಭಾರತ್
* ಉಪಶಾಮಕ ಆರೈಕೆ